ಓಪನ್ ಮಾಡಿದ್ರಂತೆ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಆಸ್ಪತ್ರೆಯ ಸುದ್ದಿಯಲ್ಲಿ ‘ಓಪನ್’ ಎಂಬ ಮಾತು ಬಂದರೆ ಅದಕ್ಕೆ ಒಂದೇ ಅರ್ಥ. "ಓಪನ್ ಮಾಡಿದ್ರಂತೆ" ಎಂದು ಒಬ್ಬರು ಅಂದರೆ, ಕೇಳಿದವರು ಉಳಿದರ್ಧವನ್ನು ತಾವೇ ಸೇರಿಸಿಕೊಳ್ಳುತ್ತಾರೆ: "ಹಂಗೇ ಮುಚ್ಚಿಬಿಟ್ರಂತೆ." ಹೊಟ್ಟೆ ಕೊಯ್ದು ನೋಡಿದರು, ಕೈಮೀರಿ ಹೋಗಿತ್ತು, ಏನೂ ಮಾಡದೆ ಹೊಲಿಗೆ ಹಾಕಿದರು ಅಂತ. ಅದಾದ ಮೇಲೆ ಯಾರೂ ಹೆಚ್ಚು ಕೇಳುವುದಿಲ್ಲ. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ, ಗಂಡಸರು "ಊರಿಗೆ ಯಾವಾಗ ತರ್ತಾರಂತೆ?" ಎಂದು ವಿಚಾರಿಸುತ್ತಾರೆ. ಅಜ್ಜಂಪುರದಲ್ಲಿ ಬೆಳೆದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಇಪ್ಪತ್ತೈದು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ದುಡಿದವಳ ಬಾಯಿಂದ ಒಂದು ದಿನ ಆ ಮಾತು ಬಿತ್ತು, ಅದೂ ನನ್ನ ದೊಡ್ಡಮ್ಮನ ಎದುರಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಕಾಪಿ ಬರೆದದ್ದಷ್ಟೇ ಬಂತು.

ದೊಡ್ಡಮ್ಮ ಅಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಅಪ್ಪ ಅಮ್ಮ ಹಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದರು. ನಾನು ಹೈಸ್ಕೂಲಿಗೆಂದು ಅಜ್ಜಂಪುರಕ್ಕೆ ಬಂದು ದೊಡ್ಡಪ್ಪನ ಮನೆ ಸೇರಿದವಳು, ನರ್ಸಿಂಗ್ ಓದಲು ಹೋಗುವವರೆಗೂ ಅಲ್ಲೇ ಇದ್ದೆ. ದೊಡ್ಡಪ್ಪನದು ಸ್ಟೇಷನ್ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಓಡುತ್ತಿರುವ ಮೋಟಾರಿನ ಮೈ ಮೇಲೆ ಅಂಗೈ ಇಟ್ಟು, ಒಳಗೆ ಯಾವುದು ಸವೆದಿದೆ ಎಂದು ಹೇಳುವ ಮನುಷ್ಯ. ಹೇಳಿದ ಮೇಲೆ ಬೀಡಿ ಹಚ್ಚುವ ಮನುಷ್ಯ. ಬಿಚ್ಚಿ ನೋಡಿದರೆ ಹೇಳಿದ್ದು ಸರಿಯಾಗಿರುತ್ತಿತ್ತು, ಆಗ ಇನ್ನೊಂದು ಬೀಡಿ.

ಕೆಲವು ವರ್ಷಗಳ ಹಿಂದೆ ಈ ದೊಡ್ಡಪ್ಪನಿಗೆ ಒಂದು ಹೊಸ ಗುಣ ಬಂತು. ಮೊದಲೆಲ್ಲ ರಸ್ತೆಯಲ್ಲಿ ಯಾರಾದರೂ ಮಾತಾಡಿಸಿದರೆ "ಬತ್ತೀನಿ ಬತ್ತೀನಿ" ಎಂದು ನಡೆಯುತ್ತಲೇ ಉತ್ತರ ಕೊಡುತ್ತಿದ್ದವನು, ಈಗ ತಾನಾಗಿಯೇ ನಿಂತು ಮಾತಾಡಿಸತೊಡಗಿದ. ಟೀ ಅಂಗಡಿ ಮುಂದೆ ನಿಂತು ಮಳೆ ವಿಚಾರಿಸುವನು. ಗೊಬ್ಬರದ ಅಂಗಡಿ ಮುಂದೆ ನಿಂತು ಕೊಬ್ಬರಿ ರೇಟು ಕೇಳುವನು. ಯಾರೂ ಸಿಗದಿದ್ದರೆ ಗೋಡೆಗೆ ಅಂಟಿಸಿದ ಹಳೆಯ ಚುನಾವಣೆ ಪೋಸ್ಟರನ್ನು ಅಕ್ಷರ ಬಿಡದೆ ಓದುವನು. "ವಯಸ್ಸಾದ್ ಮೇಲೆ ನಿಮ್ಮ ದೊಡ್ಡಪ್ಪ ಬೋ ಒಳ್ಳೇರಾದ್ರು ಕಣಮ್ಮ, ನಿಂತು ಸುಖ ದುಃಖ ಕೇಳ್ತಾರೆ" ಎಂದು ಟೀ ಅಂಗಡಿಯವರೇ ನನಗೆ ಹೇಳಿದ್ದರು. ನಾನೂ ನಂಬಿದ್ದೆ. ಅವನು ನಿಲ್ಲುತ್ತಿದ್ದದ್ದು ಪ್ರೀತಿಯಿಂದಲ್ಲ, ಮೀನಖಂಡ ಹಿಡಿದುಕೊಂಡು ಮುಂದಿನ ಹೆಜ್ಜೆ ಇಡಲಾಗದೆ. ಎರಡು ನಿಮಿಷ ನಿಂತರೆ ನೋವು ಇಳಿಯುತ್ತಿತ್ತು, ಮತ್ತೆ ನೂರು ಹೆಜ್ಜೆ. ಹಾಗೆ ನಿಲ್ಲಲು ಮರ್ಯಾದಸ್ಥ ನೆಪಗಳನ್ನು ಅವನು ಬೀದಿಯುದ್ದಕ್ಕೂ ಹುಡುಕಿ ಇಟ್ಟುಕೊಂಡಿದ್ದ.

ನರ್ಸಾದ ನಾನೇ ಅದನ್ನು ಸೊಂಟದ ನರದ ತೊಂದರೆ ಎಂದುಕೊಂಡು ಮಾತ್ರೆ ತಂದುಕೊಟ್ಟಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಎಡಗಾಲಿನ ಹೆಬ್ಬೆರಳಿಗೆ ಒಂದು ಸಣ್ಣ ಗಾಯವಾಗಿ ಎರಡು ತಿಂಗಳಾದರೂ ಮಾಯಲಿಲ್ಲ. ಒಂದು ಭಾನುವಾರ ನಾನು ತರೀಕೆರೆಯ ನನ್ನ ಮನೆಯಿಂದ ಬಸ್ಸಿನಲ್ಲಿ ಅಜ್ಜಂಪುರಕ್ಕೆ ಹೋದಾಗ, ದೊಡ್ಡಮ್ಮ ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಅಂಗೈಯಿಂದ ಉಜ್ಜುತ್ತಿದ್ದಳು. "ಎಷ್ಟ್ ಉಜ್ಜಿದ್ರೂ ಬೆಚ್ಚಗಾಗಲ್ಲ ಕಣೇ. ಕಾಲುಚೀಲ ಹಾಕ್ದೆ, ಬಿಸಿನೀರಲ್ಲಿ ಇಟ್ಟೆ. ತೆಗೆದ್ರೆ ಮತ್ತೆ ಹಂಗೇ ತಣ್ಣಗೆ. ನಂಗೆ ಯಾಕೋ ಭಯ ಆಗ್ತೈತೆ" ಎಂದಳು. ನಾನು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದೆ. ಸಿಗಲಿಲ್ಲ. ಮಂಡಿಯ ಹಿಂದೆ ಹುಡುಕಿದೆ, ತೊಡೆಯ ಸಂದಿನಲ್ಲಿ ಹುಡುಕಿದೆ. ಎಲ್ಲೂ ಇಲ್ಲ.

ನಾನು ಕೆಲಸ ಮಾಡುತ್ತಿದ್ದದ್ದು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ, ತರೀಕೆರೆಯಿಂದ ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿಗೆ ಹೊಸದಾಗಿ ರಕ್ತನಾಳದ ಸರ್ಜನ್ ಒಬ್ಬರು ಬಂದಿದ್ದರು. ಕರಾವಳಿಯವರು, ನನಗಿಂತ ಹತ್ತು ವರ್ಷ ಚಿಕ್ಕವರು. ಹೊಟ್ಟೆಗೆ ನಾಲ್ಕೈದು ತೂತು ಮಾಡಿ, ಕ್ಯಾಮೆರಾ ಬಿಟ್ಟು, ಪರದೆ ನೋಡಿಕೊಂಡು ಒಳಗಿನ ದೊಡ್ಡ ರಕ್ತನಾಳಕ್ಕೆ ಬೈಪಾಸ್ ಮಾಡುವುದರಲ್ಲಿ ಅವರಿಗೆ ಹೆಸರು. ನಿಜ ಹೇಳಬೇಕೆಂದರೆ ಅವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಕ್ಯಾಮೆರಾ ಡಾಕ್ಟರು ಎಂದು ಮನಸ್ಸಿನಲ್ಲೇ ಅಡ್ಡಹೆಸರು ಇಟ್ಟಿದ್ದೆ. ಕೈಯಿಂದ ಮುಟ್ಟದೆ ಮಾಡುವ ಕೆಲಸ ಎಂಥ ಕೆಲಸ ಎಂಬ ಹಳೆಯ ನರ್ಸಿನ ಕೊಂಕು ನನ್ನದು. ಆದರೆ ಕಾಲಿನ ಪ್ರಶ್ನೆ ಬಂದಾಗ ಕೊಂಕನ್ನು ಕಟ್ಟಿಟ್ಟು ದೊಡ್ಡಪ್ಪನನ್ನು ಅವರ ಎದುರೇ ಕೂರಿಸಿದೆ.

ಸ್ಕ್ಯಾನ್ ನೋಡಿ ಡಾಕ್ಟರು ವಿವರಿಸಿದರು. ಹೊಟ್ಟೆಯ ದೊಡ್ಡ ರಕ್ತನಾಳ ಎರಡು ಕಾಲಿಗೆ ಕವಲೊಡೆಯುವ ಜಾಗದಲ್ಲಿ ಕಟ್ಟಿಕೊಂಡಿದೆ, ಗೋಡೆಗೆ ಸುಣ್ಣ ಕೂತಿದೆ. ಅದರ ಮೇಲ್ಭಾಗದಿಂದ ಬಟ್ಟೆಯ ಕೊಳವೆಯೊಂದನ್ನು ಜೋಡಿಸಿ ಎರಡೂ ತೊಡೆಸಂದಿಗೆ ಇಳಿಸಬೇಕು. ಹಾಗೇ ಬಿಟ್ಟರೆ ಎಡಗಾಲನ್ನು ಮಂಡಿಯ ಮೇಲಿನಿಂದಲೇ ಕತ್ತರಿಸಬೇಕಾಗುತ್ತದೆ.

ದೊಡ್ಡಪ್ಪನಿಗೆ ತಕ್ಷಣ ಅರ್ಥವಾಯಿತು. "ಹಳೇ ಪೈಪ್ ಕಿತ್ತಾಕಲ್ಲ. ಪಕ್ಕದಲ್ಲೇ ಇನ್ನೊಂದ್ ಲೈನ್ ಎಳೀತೀರಿ."

"ಹೌದು, ಅಷ್ಟೇ."

"ಜಾಯಿಂಟ್ ಮಾಡೋವಾಗ ಮೇಲ್ಗಡೆ ವಾಲ್ವ್ ನಿಲ್ಲಿಸ್ಬೇಕಲ್ಲ ಸ್ವಾಮಿ? ಇಲ್ಲ ಅಂದ್ರೆ ಎಲ್ಲಾ ಚಿಮ್ಮಿಬಿಡ್ತದೆ."

ಡಾಕ್ಟರು ಮೊದಲ ಸಲ ಕಂಪ್ಯೂಟರಿನಿಂದ ಮುಖ ತಿರುಗಿಸಿ ಇವನನ್ನು ಸರಿಯಾಗಿ ನೋಡಿದರು. ವಾಲ್ವ್ ಇಲ್ಲ, ಕ್ಲಾಂಪ್ ಹಾಕುತ್ತೇವೆ ಎಂದರು. ಬೀಡಿಯಿಂದ ಶ್ವಾಸಕೋಶ ಸೊರಗಿದೆ, ಆದ್ದರಿಂದ ಸಣ್ಣ ತೂತಿನಲ್ಲೇ ಮಾಡಿದರೆ ಒಳ್ಳೆಯದು. ದೊಡ್ಡ ಗಾಯವಾದರೆ ನೋವಿಗೆ ಉಸಿರು ಎಳೆಯುವುದೇ ಕಷ್ಟವಾಗುತ್ತದೆ, ಕಫ ಕಟ್ಟುತ್ತದೆ ಎಂದರು.

"ತೂತಲ್ಲಿ ಆಗ್ಲಿಲ್ಲ ಅಂದ್ರೆ?" ದೊಡ್ಡಪ್ಪ ಕೇಳಿದ.

"ಆಗ್ಲಿಕ್ಕಿಲ್ಲ ಅಂತ ಅನಿಸಿದ ಕೂಡಲೇ ಓಪನ್ ಮಾಡ್ತೇನೆ. ಅದಕ್ಕೂ ನೀವು ಈಗಲೇ ಒಪ್ಪಬೇಕು. ಒಳಗೆ ಹೋದ ಮೇಲೆ ನಿಮ್ಮನ್ನು ಕೇಳ್ಲಿಕ್ಕೆ ಆಗುವುದಿಲ್ಲ."

ದೊಡ್ಡಪ್ಪ ಪೆನ್ನು ತೆಗೆದುಕೊಂಡು ಸಹಿ ಹಾಕಿದ. ಹೊರಗೆ ಬಂದ ಮೇಲೆ ನನಗೆ ಹೇಳಿದ: "ಈ ಮನುಷ್ಯ ಸರಿಯಾಗವ್ನೆ ಕಣೇ. ಇಳಿಯೋದಕ್ಕೆ ಮೊದ್ಲೇ ಮನಸ್ಸು ಮಾಡ್ಕಂಡವ್ನೆ."

ಇಳಿಯುವುದು ಎಂದರೆ ಏನೆಂದು ನನಗೆ ಗೊತ್ತಿತ್ತು. ಕೊಳವೆಬಾವಿಗಳು ಬರುವ ಮುಂಚೆ, ತೆರೆದ ಬಾವಿಗಳ ಕಾಲದಲ್ಲಿ, ದೊಡ್ಡಪ್ಪ ಹೆಸರು ಮಾಡಿದ್ದು ಪಾತಾಳಗರಡಿಯಿಂದ. ಹಗ್ಗದ ತುದಿಗೆ ಕಬ್ಬಿಣದ ಕೊಕ್ಕೆಗಳ ಗೊಂಚಲು. ಬಾವಿಗೆ ಬಿದ್ದ ಕೊಡ, ಬಕೆಟ್ಟು, ಪಂಪಿನ ಭಾಗಗಳನ್ನು ಮೇಲೆ ನಿಂತೇ ಅದರಿಂದ ಹುಡುಕಿ ಎತ್ತಬೇಕು. ದೇವನೂರಿನಲ್ಲಿ ಒಮ್ಮೆ ಒಂದು ಮೋಟಾರು ಬಾವಿಗೆ ಜಾರಿತ್ತು. ಸುತ್ತ ಊರೇ ನೆರೆದು ನೋಡುತ್ತಿತ್ತು. ಗರಡಿಗೆ ಅದು ಸಿಕ್ಕುತ್ತಿರಲಿಲ್ಲ, ಸಿಕ್ಕರೂ ಅರ್ಧಕ್ಕೆ ಬಂದು ಜಾರುತ್ತಿತ್ತು. ಹಗ್ಗ ಕಟ್ಟಿಕೊಂಡು ಇಳಿದಿದ್ದರೆ ಒಂದು ಗಂಟೆಯ ಕೆಲಸ. ಆದರೆ ಗರಡಿಯಲ್ಲೇ ಎತ್ತುತ್ತೇನೆ ಎಂದು ಅಷ್ಟು ಜನರ ಮುಂದೆ ಹೇಳಿಬಿಟ್ಟಿದ್ದನಲ್ಲ, ಮರ್ಯಾದೆಯ ಪ್ರಶ್ನೆಯಾಯಿತು. ಮಧ್ಯಾಹ್ನದ ತನಕ ಎಳೆದಾಡಿ, ಕೊನೆಗೆ ಕೊಕ್ಕೆ ಒಂದು ಕಲ್ಲಿಗೆ ಸಿಕ್ಕಿ, ಬಾವಿಯ ಒಂದು ಮಗ್ಗುಲೇ ಕುಸಿದು ಮೋಟಾರಿನ ಮೇಲೆ ಬಿತ್ತು. ಮೋಟಾರೂ ಹೋಯಿತು, ಬಾವಿಯೂ ಹೋಯಿತು. "ಜನ ನೋಡ್ತಾ ಅವ್ರೆ ಅಂತ ಇಳೀಲಿಲ್ಲ ಕಣೇ ನಾನು" ಎಂದು ಅವನು ಹೇಳುವಾಗಲೆಲ್ಲ ಮುಖ ಸಣ್ಣದಾಗುತ್ತಿತ್ತು. ಆಮೇಲಿಂದ ಗರಡಿ ಬಿಡುವ ಮೊದಲು ಇಳಿಯುವ ಹಗ್ಗವನ್ನು ಮರಕ್ಕೆ ಕಟ್ಟಿ ಸಿದ್ಧ ಮಾಡಿಟ್ಟೇ ಕೆಲಸ ಶುರು ಮಾಡುತ್ತಿದ್ದ.

ಆಪರೇಷನ್ ದಿನ ಬೆಳಿಗ್ಗೆ ನಾನು ಡಾಕ್ಟರಿಗೆ, ಇವರು ನನ್ನ ದೊಡ್ಡಪ್ಪ ಎಂದು ಮತ್ತೊಮ್ಮೆ ನೆನಪಿಸಿದೆ. "ಹಾಗಾದ್ರೆ ನೀವು ಟೇಬಲ್ ಹತ್ತಿರ ಬೇಡ ಸಿಸ್ಟರ್. ಕೈ ತೊಳೆದು ಆಪರೇಷನ್ನಿಗೆ ನಿಲ್ಲುವುದು ಬೇಡ. ಸಾಮಾನು ಕೊಡುವುದು, ಮನೆಯವರಿಗೆ ಸುದ್ದಿ ಹೇಳುವುದು ನೋಡಿಕೊಳ್ಳಿ" ಎಂದರು. ನನಗೆ ಉರಿಯಿತು. ಆ ಥಿಯೇಟರಿನಲ್ಲಿ ನನಗಿಂತ ಹಳಬರು ಯಾರೂ ಇರಲಿಲ್ಲ. ಆದರೂ ಹೋಗಿ ಸಾಮಾನು ಎಣಿಸತೊಡಗಿದೆ.

ಅವತ್ತು ಬೇರೆ ಊರಿನಿಂದ ಇಬ್ಬರು ಸರ್ಜನ್ನರು ಈ ತೂತಿನ ಬೈಪಾಸ್ ಕಲಿಯಲೆಂದೇ ಬಂದು ಪರದೆಯ ಎದುರು ನಿಂತಿದ್ದರು. ದೊಡ್ಡಪ್ಪನಿಗೆ ಅರಿವಳಿಕೆ ಕೊಟ್ಟ ಮೇಲೆ ಡಾಕ್ಟರು ಒಂದು ಕೆಲಸ ಮಾಡಿದರು. ಅವರು ಪ್ರತಿ ಸಲವೂ ಅದನ್ನು ಮಾಡುತ್ತಿದ್ದರು. ನಾನು ಅದುವರೆಗೆ ಲಕ್ಷ್ಯ ಕೊಟ್ಟಿರಲಿಲ್ಲ. ತೂತುಗಳ ಜಾಗ ಗುರುತು ಮಾಡುವ ಮೊದಲು, ಎದೆಯ ಕೆಳಗಿನಿಂದ ಹೊಕ್ಕುಳ ಬಳಸಿ ಕೆಳಗಿನವರೆಗೆ ನೀಲಿ ಪೆನ್ನಿನಲ್ಲಿ ಒಂದು ನೇರ ಗೆರೆ ಎಳೆದರು. ಓಪನ್ ಮಾಡಬೇಕಾಗಿ ಬಂದರೆ ಕೊಯ್ಯುವ ಗೆರೆ. ಆಮೇಲೆ ತಿರುಗಿ, ದೊಡ್ಡ ಆಪರೇಷನ್ನಿನ ಸಾಮಾನಿನ ಟ್ರೇ ಬಿಚ್ಚಿ ಇಟ್ಟಿದೆಯೇ ಎಂದು ಕಣ್ಣಾರೆ ನೋಡಿದರು. ಮರಕ್ಕೆ ಕಟ್ಟಿದ ಹಗ್ಗ ನನ್ನ ನೆನಪಿಗೆ ಬಂತು.

ಮೊದಲ ಎರಡು ಗಂಟೆ ಎಲ್ಲ ಚೆನ್ನಾಗಿಯೇ ನಡೆಯಿತು. ಹೊಟ್ಟೆಗೆ ಗಾಳಿ ತುಂಬಿ ಉಬ್ಬಿಸಿ, ದೀಪ ಮಂದ ಮಾಡಿ, ಎಲ್ಲರೂ ಪರದೆ ನೋಡುತ್ತಿದ್ದರು. ಉದ್ದನೆಯ ಕಡ್ಡಿಯಂಥ ಸಲಕರಣೆಗಳಿಂದ ಕರುಳನ್ನು ಒಂದು ಪಕ್ಕಕ್ಕೆ ಸರಿಸಿ, ರಕ್ತನಾಳವನ್ನು ಬಿಡಿಸಿ, ಕ್ಲಾಂಪ್ ಹಾಕಿದರು. ನನ್ನ ಕೊಂಕೆಲ್ಲ ಅಲ್ಲೇ ಕರಗುತ್ತ ಬಂತು. ಅಷ್ಟು ದೂರದಿಂದ, ಅಷ್ಟು ಉದ್ದದ ಕಡ್ಡಿಯ ತುದಿಯಲ್ಲಿ, ಹೂವು ಕಟ್ಟುವವರ ಬೆರಳಿನ ನಾಜೂಕು ಇತ್ತು.

ತೊಂದರೆ ಬಂದದ್ದು ಹೊಲಿಗೆಯ ಹೊತ್ತಿಗೆ. ಸೂಜಿ ರಕ್ತನಾಳದ ಗೋಡೆಗೆ ಹೋಗಲೊಲ್ಲದು. ಸ್ಕ್ಯಾನ್ ತೋರಿಸಿದ್ದಕ್ಕಿಂತ ಸುಣ್ಣ ಹೆಚ್ಚಿತ್ತು, ಮೊಟ್ಟೆಯ ಚಿಪ್ಪಿನ ಹಾಗೆ. ಒಂದು ಹೊಲಿಗೆ ಬಿತ್ತು, ಎರಡನೆಯದೂ ಬಿತ್ತು. ಮೂರನೆಯದನ್ನು ಎಳೆಯುವಾಗ ಗೋಡೆ ಕ್ಲಾಂಪಿನ ಮೇಲಕ್ಕೂ ಬಿರಿಯಿತು. ರಕ್ತ ಉಕ್ಕಿ ಕ್ಯಾಮೆರಾದ ಗಾಜಿಗೆ ಮೆತ್ತಿ, ಪರದೆ ಪೂರ್ತಿ ಕೆಂಪಾಯಿತು. ಗಾಜು ಒರೆಸಿ ಮತ್ತೆ ಬಿಟ್ಟರು, ಮತ್ತೆ ಕೆಂಪು. ಅರಿವಳಿಕೆಯ ಡಾಕ್ಟರು ಬಿ.ಪಿ. ಇಳಿಯುತ್ತಿದೆ ಎಂದರು. ನೋಡಲು ಬಂದ ಇಬ್ಬರಲ್ಲಿ ಒಬ್ಬರು, "ಇನ್ನೊಂದು ಹೊಲಿಗೆ ಪ್ರಯತ್ನಿಸಬಹುದೇನೋ" ಎಂದು ಮೆಲ್ಲಗೆ ಹೇಳಿದರು.

ಈ ಘಟ್ಟದಲ್ಲಿ ಏನಾಗುತ್ತದೆ ಎಂದು ನನ್ನ ಸರ್ವಿಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಕತ್ತರಿ ಎಸೆದವರಿದ್ದಾರೆ. ಸೂಜಿ ಸರಿಯಿಲ್ಲ ಎಂದು ನಮ್ಮ ಜನ್ಮ ಜಾಲಾಡಿದವರಿದ್ದಾರೆ. ಇನ್ನೊಂದು, ಇನ್ನೊಂದು ಎನ್ನುತ್ತ ಹಟಕ್ಕೆ ಬಿದ್ದವರಿದ್ದಾರೆ. ಎದುರಿಗೆ ಕಲಿಯಲು ಬಂದವರು ನಿಂತಿದ್ದರಂತೂ ಹೇಳುವುದೇ ಬೇಡ.

ಇವರು ಎರಡೂ ಕಡ್ಡಿಗಳನ್ನು ಹೊರಗೆಳೆದು ಟ್ರೇಯಲ್ಲಿ ಸದ್ದಾಗದಂತೆ ಇಟ್ಟರು. "ಸಾಕು. ಸಿಸ್ಟರ್, ಓಪನ್ ಮಾಡುವ. ದೀಪ ಹಾಕಿ" ಎಂದರು, ಕುಡಿಯಲು ನೀರು ಕೇಳುವ ದನಿಯಲ್ಲಿ.

ದೀಪ ಹತ್ತಿತು. ನೀಲಿ ಗೆರೆ ಅಲ್ಲೇ ಕಾಯುತ್ತಿತ್ತು. ಅದರ ಮೇಲೆಯೇ ಚಾಕು ಹೋಯಿತು, ನೋಡುನೋಡುತ್ತಲೇ ಅವರ ಎಡಗೈ ಮುಂಗೈಯವರೆಗೆ ದೊಡ್ಡಪ್ಪನ ಹೊಟ್ಟೆಯೊಳಗಿತ್ತು. ಬಿರಿದ ಜಾಗವನ್ನು ಬೆರಳಲ್ಲಿ ಒತ್ತಿ ಹಿಡಿದರು. ರಕ್ತ ನಿಂತಿತು. ಆಮೇಲೆ ಒಂದು ವಿಚಿತ್ರ ನಡೆಯಿತು. ಅವರು ಹೊಟ್ಟೆಯನ್ನು ನೋಡುವುದು ಬಿಟ್ಟು ಎದುರಿನ ಗೋಡೆಯ ಕಡೆ ಮುಖ ಮಾಡಿ, ಇನ್ನೊಂದು ಕೈಯ ಬೆರಳುಗಳಿಂದ ಒಳಗೆ ರಕ್ತನಾಳವನ್ನು ಸವರುತ್ತ ಹುಡುಕತೊಡಗಿದರು. ಮೋಟಾರಿನ ಮೈ ಮೇಲೆ ಅಂಗೈ ಇಟ್ಟಾಗ ದೊಡ್ಡಪ್ಪನೂ ಹೀಗೆಯೇ ಬೇರೆಲ್ಲೋ ನೋಡುತ್ತಿದ್ದ.

"ಇಲ್ಲಿ ಮೆತ್ತಗೆ ಉಂಟು" ಎಂದರು ಕೊನೆಗೆ. ಎರಡು ಬೆರಳು ಮೇಲೆ, ಸುಣ್ಣ ಕೂರದ ಒಂದು ತುಂಡು ಜಾಗ. ಕ್ಯಾಮೆರಾಗೆ ಅದು ಕಂಡಿರಲಿಲ್ಲ. ಕ್ಲಾಂಪನ್ನು ಅದರ ಮೇಲಕ್ಕೆ ಸರಿಸಿ, ಅಲ್ಲಿ ಹೊಲಿಗೆ ಶುರುಮಾಡಿದರು. ಸೂಜಿ ಸಲೀಸಾಗಿ ಹೋಯಿತು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಇದು ಉತ್ಪ್ರೇಕ್ಷೆಯ ಮಾತಲ್ಲ.

"ಮನೆಯವರಿಗೆ ತಿಳಿಸಿ ಬನ್ನಿ ಸಿಸ್ಟರ್" ಎಂದರು. ನಾನು ಹೊರಗೆ ಓಡಿದೆ.

ಬೆಂಚಿನ ಮೇಲೆ ದೊಡ್ಡಮ್ಮನೂ ಅವಳ ತಮ್ಮನೂ ಕೂತಿದ್ದರು. ಈ ಮಾವ ಕಡೂರಿನಲ್ಲಿ ಕೊಬ್ಬರಿ ವ್ಯಾಪಾರಿ, ಅವನ ಕೈಗೆ ಫೋನ್ ಸಿಕ್ಕರೆ ರೇಡಿಯೋ ಸ್ಟೇಷನ್ ಬೇಡ.

"ಏನಂತೆ ಕಣೇ?" ದೊಡ್ಡಮ್ಮ ಎದ್ದು ನಿಂತಳು.

"ಓಪನ್ ಮಾಡಿದಾರೆ ದೊಡ್ಡಮ್ಮ. ಗಾಬರಿ ಆಗ್ಬೇಡಿ" ಎಂದು ಹೇಳಿ ಹಾಗೇ ಒಳಗೆ ಓಡಿದೆ. ಅವಳ ಮುಖ ನೋಡುವಷ್ಟು ವ್ಯವಧಾನ ನನಗೆಲ್ಲಿ? ತೊಡೆಸಂದಿನ ಹೊಲಿಗೆಗಳು ಬಾಕಿ ಇದ್ದವು.

ಕ್ಲಾಂಪ್ ಬಿಚ್ಚಿದಾಗ ಒಂದು ಹನಿಯೂ ಸೋರಲಿಲ್ಲ. ಪಾದದ ಮೇಲೆ, ರಕ್ತದ ಓಟವನ್ನು ಕೇಳಿಸುವ ಡಾಪ್ಲರ್ ಯಂತ್ರದ ಕಡ್ಡಿ ಇಟ್ಟರು. ಮೊದಲು ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಸುಯ್, ಸುಯ್ ಎಂದು ಕೇಳಿಸಿತು, ಒಣಗಿದ ಪೈಪಿಗೆ ನೀರು ಬಂದ ಹಾಗೆ. ಕಲಿಯಲು ಬಂದವರಿಬ್ಬರೂ ತಲೆದೂಗಿದರು. ನಾನು ಮತ್ತೆ ಬಾಗಿಲಿಗೆ ಓಡಿದೆ. ಹಲ್ಲು ಕಿರಿದುಕೊಂಡೇ ಓಡಿದೆ.

"ಈಗ ಮುಚ್ತಾ ಇದಾರೆ ದೊಡ್ಡಮ್ಮ!"

ಅವಳು ನನ್ನ ಮುಖವನ್ನೇ ನೋಡಿದಳು. "ನಗ್ತಾ ಇದೀಯಲ್ಲೇ?" ಎಂದಳು.

"ನಗ್ದೆ ಇನ್ನೇನ್ ಮಾಡ್ಲಿ? ಕೆಲಸ ಮುಗೀತು!" ಎಂದು ಅವಳ ಕೆನ್ನೆ ತಟ್ಟಿ ಒಳಗೆ ಬಂದೆ.

ಮುಂದೆ ನಡೆದದ್ದನ್ನು ಆಮೇಲೆ ಬೇರೆಯವರಿಂದ ಕೇಳಿ ಜೋಡಿಸಿಕೊಂಡಿದ್ದೇನೆ. ದೊಡ್ಡಮ್ಮ ಬೆಂಚಿನ ಮೇಲೆ ಕುಸಿದಳು. ಅವಳು ಅಳಲಿಲ್ಲ. ಮಾವ ಫೋನ್ ತೆಗೆದ. "ಓಪನ್ ಮಾಡಿ ಮುಚ್ಚಿಬಿಟ್ರಂತೆ. ಕೆಲ್ಸ ಮುಗೀತು ಅಂತ ಒಳಗಿನೋರೇ ಹೇಳಿದ್ರು" ಎಂದು ಕಡೂರಿಗೆ ಹೇಳಿದ, ಅಜ್ಜಂಪುರಕ್ಕೆ ಹೇಳಿದ. ಸ್ಟೇಷನ್ ರಸ್ತೆಯ ಅಂಗಡಿಗಳವರು ಬಾಗಿಲು ಎಳೆದುಕೊಂಡು ದೊಡ್ಡಪ್ಪನ ಮನೆ ಮುಂದೆ ಸೇರಿದರು. ಕುರ್ಚಿಗಳು ಬಂದವು. ಮಠಕ್ಕೆ ಸುದ್ದಿ ಹೋಯಿತು. ನಮ್ಮಲ್ಲಿ ಹೂಳುವ ಪದ್ಧತಿ; ಇಬ್ಬರು ಹೋಗಿ ತೆಂಗಿನ ತೋಟದಲ್ಲಿ ಜಾಗ ಕೂಡ ನೋಡಿ ಬಂದರು.

ಇಲ್ಲಿ ಡಾಕ್ಟರು ಬೆವರೊರೆಸಿಕೊಂಡು ಹೊರಗೆ ಬಂದರು. ನಾನು ಅವರ ಹಿಂದೆಯೇ ಇದ್ದೆ.

"ಆಯ್ತು ಅಮ್ಮ, ನೀವು ಹೆದರುವುದು ಬೇಡ" ಎಂದರು.

ದೊಡ್ಡಮ್ಮ ಎದ್ದು ಕೈ ಮುಗಿದಳು. "ನೀವೇನ್ ಮಾಡಕ್ಕಾಯ್ತದೆ ಸ್ವಾಮಿ. ನಮ್ ಪುಣ್ಯ ಅಷ್ಟೇಯ" ಎಂದಳು.

ಡಾಕ್ಟರಿಗೆ ಗಲಿಬಿಲಿಯಾಯಿತು. ಮಾವ ಗಂಟಲು ಸರಿಮಾಡಿಕೊಂಡು ಕೇಳಿದ: "ಊರಿಗೆ ಯಾವಾಗ ತಗಂಡೋಗ್ಬೋದು ಸಾರ್?"

"ಒಂದು ಹತ್ತು ದಿನ ಆಗ್ತದೆ."

"ಹತ್ ದಿನ ಇಟ್ಕಂತೀರಾ!" ಮಾವನ ಕಣ್ಣು ಹೊರಗೆ ಬಂದವು. "ಜನ ಎಲ್ಲಾ ಬಂದ್ ಕೂತವ್ರೆ ಸಾರ್. ಜಾಗನೂ ನೋಡಾಯ್ತು!"

ಓಪನ್ ಮಾಡಿದಾರೆ. ಮುಚ್ತಾ ಇದಾರೆ. ಕೆಲಸ ಮುಗೀತು. ನಾನು ಆಡಿದ ಮೂರೂ ಮಾತು ಒಂದರ ಹಿಂದೊಂದು ನೆನಪಾದವು. "ದೊಡ್ಡಮ್ಮ, ಅದಲ್ಲ, ಆ ಓಪನ್ ಅಲ್ಲ" ಎಂದು ಅವಳನ್ನು ಹಿಡಿದುಕೊಂಡೆ. "ಬದುಕಿದಾರೆ! ಕಾಲೂ ಉಳೀತು!" ಅವಳು ನನ್ನ ಕೈ ಬಿಡಿಸಿಕೊಂಡಳು. ನಗುತ್ತ ಬಂದು ಸಾವಿನ ಸುದ್ದಿ ಹೇಳಿದವಳ ಮಾತನ್ನು ಯಾರು ತಾನೆ ನಂಬುತ್ತಾರೆ? ನಾನು ಡಾಕ್ಟರಿಗೆ ನಮ್ಮ ಕಡೆಯ ಓಪನ್ನಿನ ಅರ್ಥವನ್ನು ತಡವರಿಸುತ್ತ ಹೇಳಿದೆ. ಬೈಗುಳ ಬರುತ್ತದೆ ಎಂದು ಕಾಯ್ದೆ. ನ್ಯಾಯವಾಗಿ ಬರಬೇಕಿತ್ತು.

ಅವರು ನನ್ನನ್ನು ಬೈಯಲಿಲ್ಲ. ದೊಡ್ಡಮ್ಮನಿಗೆ ಸಮಜಾಯಿಷಿಯನ್ನೂ ಕೊಡಲಿಲ್ಲ. "ಅಮ್ಮ, ಬನ್ನಿ" ಎಂದು ಅವಳ ಮೊಣಕೈ ಹಿಡಿದು ನೇರ ಐಸಿಯುಗೆ ಕರೆದುಕೊಂಡು ಹೋದರು. ದೊಡ್ಡಪ್ಪನ ಬಾಯಲ್ಲಿ ಉಸಿರಿನ ಕೊಳವೆ ಇತ್ತು, ಕಣ್ಣು ಮುಚ್ಚಿತ್ತು. ಅವಳು ಆ ಮುಖ ನೋಡಿ ಇನ್ನಷ್ಟು ಹೆದರಿದಳು. ಡಾಕ್ಟರು ಮುಖದ ಕಡೆ ಹೋಗದೆ ಮಂಚದ ಕೆಳತುದಿಗೆ ಬಂದು, ಹೊದಿಕೆ ಸರಿಸಿ, ಎಡಪಾದವನ್ನು ತೆರೆದು ತೋರಿಸಿದರು.

"ಮುಟ್ಟಿ" ಎಂದರು.

ದೊಡ್ಡಮ್ಮ ಮುಟ್ಟಿದಳು. ತಿಂಗಳುಗಟ್ಟಲೆ ಮಡಿಲಲ್ಲಿಟ್ಟು ಉಜ್ಜಿದ ಪಾದ. ಅವಳ ಕೈಗೆ ಅದರ ತಣುಪಿನ ಪರಿಚಯ ನಮಗೆಲ್ಲರಿಗಿಂತ ಚೆನ್ನಾಗಿತ್ತು. ಒಂದು ಅಂಗೈ ಇಟ್ಟಳು, ಆಮೇಲೆ ಇನ್ನೊಂದನ್ನೂ ಇಟ್ಟಳು. ಬಗ್ಗಿ, ಕೆನ್ನೆಯನ್ನೇ ಪಾದಕ್ಕೆ ಒತ್ತಿ, ಅವತ್ತು ಮೊದಲ ಸಲ ಅತ್ತಳು. ನಾನೂ ಅತ್ತೆ. ಡಾಕ್ಟರು ಡ್ರಿಪ್ ಬಾಟಲಿಯನ್ನು ಬಹಳ ಮುಖ್ಯವಾದ ವಸ್ತು ಎಂಬಂತೆ ನೋಡುತ್ತ ನಿಂತಿದ್ದರು.

ಹೊರಗೆ ಬಂದು ದೊಡ್ಡಮ್ಮ ತಮ್ಮನ ಕೈಯಿಂದ ಫೋನ್ ಕಿತ್ತುಕೊಂಡಳು. ಅಜ್ಜಂಪುರಕ್ಕೆ ಅವಳೇ ಹೇಳಿದಳು: "ಕುರ್ಚಿ ಎಲ್ಲಾ ವಾಪಸ್ ಕಳ್ಸ್ರೋ. ಕಾಲು ಬೆಚ್ಚಗೈತೆ."

ಆ ದೊಡ್ಡ ಗಾಯದಿಂದ ದೊಡ್ಡಪ್ಪ ಪಟ್ಟ ಪಾಡು ಸಣ್ಣದೇನಲ್ಲ. ಕೆಮ್ಮಿದರೆ ಪ್ರಾಣ ಹೋಗುತ್ತಿತ್ತು, ಕೆಮ್ಮದಿದ್ದರೆ ಕಫ ಕಟ್ಟುತ್ತಿತ್ತು. ಡಾಕ್ಟರು ದಿನಕ್ಕೆ ಎರಡು ಸಲ ಬಂದು, ಹೊಟ್ಟೆಗೆ ದಿಂಬು ಒತ್ತಿ ಹಿಡಿದು ತಾವೇ ಕೆಮ್ಮಿಸುತ್ತಿದ್ದರು. ದೊಡ್ಡಪ್ಪನಿಗೆ ಮಾತಾಡುವಷ್ಟು ಶಕ್ತಿ ಬಂದ ದಿನ ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ಸಣ್ಣ ತೂತಲ್ಲಿ ಮಾಡ್ತೇನೆ ಅಂದಿದ್ದೆ. ಆಗ್ಲಿಲ್ಲ. ದೊಡ್ಡದಾಗಿ ಕೊಯ್ಯಬೇಕಾಯ್ತು."

"ಗರಡಿಗೆ ಸಿಗ್ಲಿಲ್ಲ ಅಂತ ಇಳಿದ್ರಾ?" ದೊಡ್ಡಪ್ಪ ಕೇಳಿದ.

ಅದೇನೆಂದು ಡಾಕ್ಟರು ನನ್ನ ಮುಖ ನೋಡಿದರು. ನಾನು ಪಾತಾಳಗರಡಿಯ ಕಥೆಯನ್ನೂ ದೇವನೂರಿನ ಬಾವಿಯ ಕಥೆಯನ್ನೂ ಹೇಳಿದೆ. ಅವರು ಪೂರ್ತಿ ಕೇಳಿದರು.

"ಜನ ನೋಡ್ತಾ ಇದ್ರಂತಲ್ಲ ಸ್ವಾಮಿ, ಕಲಿಯಾಕ್ ಬಂದೋರು?" ದೊಡ್ಡಪ್ಪ ಮತ್ತೆ ಕೇಳಿದ.

"ಇದ್ರು."

"ಆದ್ರೂ ಇಳಿದ್ರಿ." ದೊಡ್ಡಪ್ಪ ಡ್ರಿಪ್ಪಿನ ಸೂಜಿ ಇಲ್ಲದ ಕೈಯನ್ನು ಎತ್ತಿ ಹಣೆಗೆ ಮುಟ್ಟಿಸಿಕೊಂಡ. ಆ ಕೈ ಹಾಗೆ ಏಳುವುದನ್ನು ನಾನು ಮಠದ ಸ್ವಾಮಿಗಳ ಎದುರು ಬಿಟ್ಟರೆ ಇನ್ನೆಲ್ಲೂ ನೋಡಿರಲಿಲ್ಲ. ಆಮೇಲೆ ಅವನಿಗೆ ನಾವು ಹೇಳಿದ್ದ ತೋಟದ ವಿಷಯ ನೆನಪಾಗಿ, ಜಾಗ ನೋಡಿದ್ದು ಯಾವ ಮೂಲೆಯಲ್ಲಿ ಎಂದು ಪಕ್ಕದಲ್ಲೇ ಕೂತಿದ್ದ ಮಾವನನ್ನು ಕೇಳಿದ. ಮೋಟಾರು ಮನೆಯ ಪಕ್ಕದ ಮೂಲೆ ಎಂದ ಮಾವ. "ಥೂ ನಿಮ್ಮ, ಅಲ್ಲಿ ಪೈಪ್‌ಲೈನ್ ಹೋಗೈತೆ ಕಣ್ರಲೇ! ಅಗೆದಿದ್ರೆ ಒಡ್ದು ಹಾಕಿರೋರು" ಎಂದು ರೇಗಲು ಹೋಗಿ, ಹೊಟ್ಟೆ ಹಿಡಿದುಕೊಂಡು ನರಳಿದ.

ಅದಾದ ಮೇಲೆ ನಮ್ಮ ಥಿಯೇಟರಿನಲ್ಲಿ ಒಂದು ಮಾತು ಬದಲಾಗಿದೆ. ತೂತಿನಲ್ಲಿ ಸಾಗದು ಎನಿಸಿದಾಗ ಡಾಕ್ಟರು ಈಗಲೂ ಕಡ್ಡಿಗಳನ್ನು ಸದ್ದಾಗದಂತೆ ಇಡುತ್ತಾರೆ, ಆದರೆ "ಸಿಸ್ಟರ್, ಇಳಿಯುವ" ಎನ್ನುತ್ತಾರೆ. ಹೊರಗೆ ಹೋಗಿ ಮನೆಯವರಿಗೆ ಸುದ್ದಿ ಹೇಳುವ ಕೆಲಸವನ್ನೂ ಅವರೇ ಇಟ್ಟುಕೊಂಡಿದ್ದಾರೆ. ನನ್ನ ಬಾಯಿಯ ಮೇಲಿನ ನಂಬಿಕೆ ಹೋಗಿರಬೇಕು, ತಪ್ಪಿಲ್ಲ.

ಐದಾರು ತಿಂಗಳ ಮೇಲೆ ನಾನು ಅಜ್ಜಂಪುರಕ್ಕೆ ಹೋಗಿದ್ದೆ. ದೊಡ್ಡಪ್ಪ ಅಂಗಡಿಯಿಂದ ಸ್ಟೇಷನ್‌ವರೆಗೆ ಹೋಗಿ ಬರೋಣ ಎಂದು ಹೊರಟ. ಬೀಡಿ ಬಿಟ್ಟಿದ್ದ. ಬಿಟ್ಟ ಸಿಟ್ಟು ಮಾತ್ರ ಮುಖದಲ್ಲಿತ್ತು. ಅವನು ಮುಂದೆ ಮುಂದೆ ಹೋದಂತೆ ನಾನು ಹಿಂದೆ ಬಿದ್ದೆ. ಗೊಬ್ಬರದ ಅಂಗಡಿ ದಾಟಿದ, ಪೋಸ್ಟರಿನ ಗೋಡೆ ದಾಟಿದ, ಎಲ್ಲೂ ನಿಲ್ಲಲಿಲ್ಲ. ಟೀ ಅಂಗಡಿಯವರು ನನ್ನನ್ನು ಕರೆದು ಬೇಸರದಲ್ಲಿ ಹೇಳಿದರು: "ಆಪರೇಷನ್ ಆದ್ ಮೇಲೆ ನಿಮ್ಮ ದೊಡ್ಡಪ್ಪಂಗೆ ಬೋ ಗರ್ವ ಬಂದ್ಬಿಡ್ತು ಕಣಮ್ಮ. ಮೊದ್ಲೆಲ್ಲ ನಿಂತು ಮಾತಾಡ್ಸೋರು. ಈಗ ತಿರುಗೂ ನೋಡಲ್ಲ."

ಅದು ದೊಡ್ಡಪ್ಪನ ಕಿವಿಗೂ ಬಿದ್ದಿರಬೇಕು. ನಡೆಯುತ್ತಲೇ, ಹಿಂತಿರುಗದೆ, ಕೈ ಮಾತ್ರ ಎತ್ತಿ "ಬತ್ತೀನಿ ಕಣಪ್ಪಾ, ಬತ್ತೀನಿ" ಎಂದ.